ಓಲೆಯ ಬೆನ್ನು ನೋಡದೇ ತೂಕಕ್ಕೆ ಹಾಕಬೇಡಿ

ಬೆಳ್ಳಿಯ ದರ ಏರಿದಷ್ಟೂ ನನಗೆ ಬರುವ ಫೋನು ಹೆಚ್ಚಾಗುತ್ತಿವೆ. 2025ರಲ್ಲಿ ಕಿಲೋ ಬೆಳ್ಳಿ 1 ಲಕ್ಷ ರೂಪಾಯಿ ದಾಟಿದ ಮೇಲಂತೂ ಪರಿಚಯದವರು, ಅವರ ಪರಿಚಯದವರು, ಹಳೆಯ ವಿದ್ಯಾರ್ಥಿಗಳು ಎಲ್ಲರೂ ಕೇಳುವುದು ಒಂದೇ. "ಮೇಡಂ, ನಮ್ಮ ಅಜ್ಜೀವು ಬೆಳ್ಳಿ ಓಲೆ ಅದಾವ್ರಿ. ಎಷ್ಟಕ್ಕ ಹೋಗ್ತಾವ ಸ್ವಲ್ಪ ನೋಡಿ ಹೇಳ್ತೀರೇನು?" ಹೇಳುತ್ತೇನೆ. ಆದರೆ ಹೇಳುವ ಮೊದಲು ಅವರನ್ನು ಕೂಡಿಸಿಕೊಂಡು ಆ ಓಲೆಯನ್ನು ತಿರುವಿ ಹಾಕಿ ಬೆನ್ನು ತೋರಿಸುತ್ತೇನೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದನ್ನು ಒಂದು ಸಲ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ನಮ್ಮಪ್ಪ ಗದಗ ಕಡೆಯ ಒಂದು ಸಣ್ಣ ಊರಿನಲ್ಲಿ ಪತ್ತಾರಿಕೆ, ಅಂದರೆ ಅಕ್ಕಸಾಲಿಗರ ಕೆಲಸ, ಮಾಡುತ್ತಿದ್ದರು. ನಾನು ಕೆಮಿಸ್ಟ್ರಿ ಓದಿ, ಹುಬ್ಬಳ್ಳಿಯಲ್ಲಿ ಪಾಠ ಮಾಡಿ ನಿವೃತ್ತಳಾದೆ. ಅಪ್ಪನ ಒರೆಗಲ್ಲು, ಭೂತಗನ್ನಡಿ, ಸಣ್ಣ ತಕ್ಕಡಿ ಈಗ ನನ್ನ ಹತ್ತಿರ ಇವೆ. ಅವರು ಕೈಯಿಂದ ಕಲಿತದ್ದು, ನಾನು ಪುಸ್ತಕದಿಂದ ಕಲಿತದ್ದು ಎರಡೂ ಸೇರಿದ್ದು ಈ ಓಲೆಗಳ ಮೇಲೆಯೇ.

ಬೆಳ್ಳಿ ದುಬಾರಿಯಾದಾಗ ಮೂಸೆಗೆ ಹೋಗುವುದು ಗಣಿಯಿಂದ ಬಂದ ಲೋಹ ಮಾತ್ರವಲ್ಲ, ಒಂದು ತಲೆಮಾರಿನ ಕೈಕೆಲಸವೂ ಅದರ ಜೊತೆಗೇ ಹೋಗುತ್ತದೆ. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರ ಖರೀದಿಯಿಂದ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಪಶ್ಚಿಮದ ದೇಶಗಳಲ್ಲಿ ಎಷ್ಟೋ ಹಳೆಯ ಪಾತ್ರೆ, ಒಡವೆ ಕರಗಿಹೋದವು. ನಮ್ಮಲ್ಲಿ ಕರಗಿಸಿದ್ದು ಹಸಿವು. 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಯ ಜನ ಮೊದಲು ಮಾರಿದ್ದು ಮೈಮೇಲಿನ ಬೆಳ್ಳಿ. ಆ ವರ್ಷಗಳಲ್ಲಿ ಮುಂಬಯಿಯ ಟಂಕಸಾಲೆಗೆ ಒಡವೆಗಳು ರಾಶಿಯಾಗಿ ಬಂದು ನಾಣ್ಯವಾದವು. ಹಾಗಾಗಿ ನಮ್ಮ ಕಡೆ ಯಾರಾದರೂ "ಇದು ಇನ್ನೂರು ವರ್ಷದ್ದು" ಎಂದರೆ ನಾನು ಗಟ್ಟಿ ಸಾಕ್ಷಿ ಕೇಳುತ್ತೇನೆ. ನಾನು ನೋಡಿದ ಒಳ್ಳೆಯ ಓಲೆಗಳಲ್ಲಿ ಹೆಚ್ಚಿನವು ಆ ಬರದ ನಂತರದ ಎರಡು, ಮೂರು ತಲೆಮಾರಿನವು.

ಇನ್ನೊಂದು ಮಾತು. ನಮ್ಮಲ್ಲಿ ಸೊಂಟದ ಮೇಲೆ ಬಂಗಾರ, ಕೆಳಗೆ ಬೆಳ್ಳಿ ಎಂಬ ರೂಢಿ. ಉಡಿದಾರ, ಕಾಲುಂಗುರ, ಚೈನು, ಗೆಜ್ಜೆ ಬೆಳ್ಳಿಯವು. ಕಿವಿಗೆ ಮಾತ್ರ ಗುಂಜಿಯಷ್ಟಾದರೂ ಬಂಗಾರವೇ ಬೇಕು. ಬೆಳ್ಳಿಯ ಓಲೆ ಇಟ್ಟುಕೊಂಡವರು ಬಂಗಾರ ಕೊಳ್ಳಲಾಗದವರು, ಇಲ್ಲವೇ ಬೆಳ್ಳಿಯನ್ನೇ ತಮ್ಮ ಗುರುತಾಗಿ ಇಟ್ಟುಕೊಂಡ ಸಮುದಾಯದವರು. ಅದಕ್ಕೇ ಅದನ್ನು ಜೋಪಾನ ಮಾಡಿದವರೂ ಕಡಿಮೆ, ಬರೆದಿಟ್ಟವರೂ ಕಡಿಮೆ. ಬಡವರ ಕಿವಿಯ ಒಡವೆ ಎಂಬ ಕಾರಣಕ್ಕೆ ಸರಾಫ ಕಟ್ಟೆಯಲ್ಲಿ ಅದಕ್ಕೆ ಗುಜರಿಯ ಬೆಲೆ ಕಟ್ಟುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಈಗ ಬೆನ್ನಿನ ವಿಷಯ. ಓಲೆಯ ಮುಖ ನೋಡುವವರಿಗೆಂದು ಮಾಡಿದ್ದು. ಅದನ್ನು ನಕಲು ಮಾಡುವುದೂ ಸುಲಭ. ಬೆನ್ನನ್ನು ಯಾರೂ ನೋಡುವುದಿಲ್ಲ ಎಂಬ ಧೈರ್ಯದಲ್ಲಿ ಮಾಡಿದವನು ತನ್ನ ಕೆಲಸದ ಗುರುತುಗಳನ್ನೆಲ್ಲ ಅಲ್ಲೇ ಬಿಟ್ಟಿರುತ್ತಾನೆ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಸಣ್ಣ ಭೂತಗನ್ನಡಿ ಸಾಕು. ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ ಕೂತು ನೋಡಿ.

ಮೊದಲು ತಿರುಪು. ಬೆಂಡೋಲೆಗೋ ಬುಗುಡಿಗೋ ಹಿಂದೆ ತಿರುಪು ಇದ್ದರೆ ಎರಡನ್ನೂ ಬಿಚ್ಚಿ, ಒಂದರದನ್ನು ಇನ್ನೊಂದಕ್ಕೆ ಹಾಕಿ ನೋಡಿ. ಕೈಯಿಂದ ಮರೆ (ತಿರುಪಿನ ಸುರುಳಿ ಗೆರೆ) ಕೊರೆದ ತಿರುಪು ತನ್ನ ಕಡ್ಡಿಗೆ ಮಾತ್ರ ಕೂರುತ್ತದೆ. ಜೋಡಿಯ ಇನ್ನೊಂದಕ್ಕೆ ಹಾಕಿದರೆ ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ, ಇಲ್ಲವೇ ಸಡಿಲಾಗಿ ಅಲ್ಲಾಡುತ್ತದೆ. ಅದಲುಬದಲು ಆಗಬಾರದೆಂದು ಅಪ್ಪ ಒಂದು ಓಲೆಯ ಕಡ್ಡಿಗೂ ಅದರ ತಿರುಪಿಗೂ ಅರದಿಂದ ಸಣ್ಣ ಗೀರು ಹಾಕುತ್ತಿದ್ದರು. ಎರಡೂ ತಿರುಪು ಎರಡೂ ಕಡ್ಡಿಗೆ ಒಂದೇ ಸಮ ಕೂತರೆ ಅದು ಯಂತ್ರದ ಮರೆ. ಹಾಗೆಂದು ಓಲೆಯೇ ಹೊಸದೆಂದು ತೀರ್ಮಾನಿಸಬೇಡಿ. ಸವೆದ ತಿರುಪು ತೆಗೆಸಿ ಹೊಸದು ಹಾಕಿಸುವುದು ಮನೆಮನೆಯಲ್ಲಿ ನಡೆದಿದೆ. ಕಡ್ಡಿಯ ಬುಡದಲ್ಲಿ ಬೆಸುಗೆಯ ಬಣ್ಣ ಉಳಿದ ಕಡೆಗಿಂತ ಬೇರೆಯಾಗಿದ್ದರೆ ಆ ರಿಪೇರಿ ಗೊತ್ತಾಗುತ್ತದೆ.

ಆಮೇಲೆ ಸವೆತ. ಕೊಕ್ಕೆಯ ಓಲೆಯಾದರೆ ಕಿವಿಯ ತೂತಿನಲ್ಲಿ ಭಾರ ಕೂರುವ ಜಾಗದಲ್ಲಿ ತಂತಿ ತೆಳುವಾಗಿರಬೇಕು. ಜುಮುಕಿಯಾದರೆ ಮೇಲಿನ ಹೂವಿಗೂ ಕೆಳಗಿನ ಗುಮ್ಮಟಕ್ಕೂ ನಡುವಿನ ಕೊಂಡಿ ಒಳಬದಿಯಲ್ಲಿ ಸವೆದು ಉದ್ದುದ್ದವಾಗಿರುತ್ತದೆ. ಕತ್ತಿಗೆ, ದವಡೆಗೆ ತಾಗುವ ಬದಿಯ ಅಂಚು ನುಣುಪಾಗಿ ದುಂಡಗಾಗಿರುತ್ತದೆ. ಮುಖದ ಕೆತ್ತನೆಯಲ್ಲಿ ಎತ್ತರದ ಜಾಗ ಬೆಳ್ಳಗೆ ಸವೆದು, ತಗ್ಗಿನಲ್ಲಿ ಕಪ್ಪು ಉಳಿದಿರುತ್ತದೆ. ಆ ಕಪ್ಪು ಸಿಲ್ವರ್ ಸಲ್ಫೈಡ್. ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ತಾನಾಗಿ ಕೂರುವ ಪದರ. ಹಳತೆಂದು ತೋರಿಸಲು ಹೊಸ ಓಲೆಯನ್ನು ಗಂಧಕದ ದ್ರಾವಣದಲ್ಲಿ ಅದ್ದಿ ಕಪ್ಪು ಬರಿಸುವುದು ದೊಡ್ಡ ಊರುಗಳ ಅಂಗಡಿಗಳಲ್ಲಿ ಈಗ ಸಾಮಾನ್ಯ. ಅಂಥ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಕಿವಿಯ ತೂತಿನೊಳಗೆ ದಿನಾ ಉಜ್ಜಬೇಕಾದ ಕಡ್ಡಿಯ ಮೇಲೂ ಇರುತ್ತದೆ! ಚೂಪಾದ ಅಂಚು, ಸವೆಯದ ಕೊಂಡಿ, ತುಂಬಾ ಕಪ್ಪು, ಈ ಮೂರೂ ಒಟ್ಟಿಗೆ ಕಂಡರೆ ನಾನು ಮುಂದಕ್ಕೆ ನೋಡುವುದೇ ಇಲ್ಲ.

ಇನ್ನು ಗುಂಡು. ನಮ್ಮ ಕಡೆಯ ಹಳೆಯ ಓಲೆಗಳ ಸೊಗಸೆಲ್ಲ ಈ ಸಣ್ಣ ಗುಂಡುಗಳ ಸಾಲಿನಲ್ಲಿದೆ. ತೆಳುವಾದ ತಂತಿಯನ್ನು ತುಂಡು ತುಂಡು ಮಾಡಿ, ಇದ್ದಿಲ ಮೇಲಿಟ್ಟು ಊದುಗೊಳವೆಯಿಂದ ಊದಿದರೆ ಪ್ರತಿ ತುಂಡೂ ಕರಗಿ ತಾನಾಗಿ ಗುಂಡಗಾಗುತ್ತದೆ. ಅವನ್ನು ಅಳತೆ ನೋಡಿ ಆರಿಸಿ, ಬಿಳಿಗಾರದ ನೀರಿನಲ್ಲಿ ಒದ್ದೆ ಮಾಡಿ, ಒಂದೊಂದಾಗಿ ತಗಡಿನ ಮೇಲೆ ಕೂಡಿಸಿ ಬೆಸುಗೆ ಹಾಕಬೇಕು. ಉರಿ ಒಂದಿಷ್ಟು ಹೆಚ್ಚಾದರೆ ಇಡೀ ಸಾಲು ಕರಗಿ ಮುದ್ದೆ. ಭೂತಗನ್ನಡಿಯಲ್ಲಿ ನೋಡಿದಾಗ ಗುಂಡು ತಗಡಿಗೆ ಬುಡದಲ್ಲಿ ಮಾತ್ರ ಅಂಟಿದ್ದು, ಸುತ್ತ ಸಣ್ಣ ಸಂದು ಕಂಡರೆ, ಗಾತ್ರದಲ್ಲಿ ಅಲ್ಲಲ್ಲಿ ಹೆಚ್ಚುಕಡಿಮೆ ಇದ್ದರೆ, ಅದು ಕೈಯ ಕೆಲಸ. ಎರಕದ ನಕಲಿನಲ್ಲಿ ಗುಂಡು ತಗಡಿನಿಂದಲೇ ಉಬ್ಬಿ ಬಂದ ಹಾಗೆ, ನಡುವೆ ಸಂದಿಲ್ಲದೆ ಇರುತ್ತದೆ. ಅಲ್ಲಲ್ಲಿ ಸೂಜಿಮೊನೆಯಂಥ ತೂತುಗಳೂ ಕಾಣುತ್ತವೆ. ಇನ್ನೂ ಖಚಿತ ಬೇಕೆಂದರೆ ಎರಡು ಓಲೆಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಎಡದ ಓಲೆಯ ಮೂರನೇ ಎಸಳಿನಲ್ಲಿ ಇರುವ ಸೊಟ್ಟ ಬಲದ ಓಲೆಯ ಮೂರನೇ ಎಸಳಿನಲ್ಲೂ ಹಾಗೇ ಇದ್ದರೆ ಎರಡೂ ಒಂದೇ ರಬ್ಬರ್ ಅಚ್ಚಿನಿಂದ ಬಂದವು. ಕೈಯಿಂದ ಮಾಡಿದ ಜೋಡಿ ಅವಳಿ ಮಕ್ಕಳ ಹಾಗೆ, ಹತ್ತಿರದಿಂದ ನೋಡಿದವರಿಗೆ ಗುರುತು ಸಿಗುತ್ತದೆ.

ತಗಡೂ ಮಾತಾಡುತ್ತದೆ. ಸುತ್ತಿಗೆಯಿಂದ ತಟ್ಟಿದ ತಗಡು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬೆನ್ನಿಗೆ ಬೆಳಕು ಓರೆಯಾಗಿ ಬಿಟ್ಟರೆ ಏಟಿನ ತಗ್ಗುಗಳು ಕಾಣುತ್ತವೆ. ಯಂತ್ರದಲ್ಲಿ ಉರುಳಿಸಿದ ತಗಡು ಅಂಚಿನುದ್ದಕ್ಕೂ ಒಂದೇ ದಪ್ಪ.

ಮುದ್ರೆ ಹುಡುಕುತ್ತಾ ಬಹಳ ಜನ ಸಮಯ ಕಳೆಯುತ್ತಾರೆ. ನಮ್ಮ ಹಳ್ಳಿಯ ಪತ್ತಾರರು ಮುದ್ರೆ ಹಾಕುತ್ತಿರಲಿಲ್ಲ. ಊರಿಗೆ ಅವರ ಮುಖವೇ ಖಾತ್ರಿ. ಆದ್ದರಿಂದ ಮುದ್ರೆ ಇಲ್ಲದಿರುವುದು ಹಳೆಯ ಓಲೆಗೆ ದೋಷವಲ್ಲ. ನಮ್ಮ ದೇಶದ ಶೈಲಿಯ ಓಲೆಯ ಮೇಲೆ 925 (ಸಾವಿರಕ್ಕೆ 925 ಪಾಲು ಬೆಳ್ಳಿ) ಎಂದು ಇದ್ದರೆ ಮಾತ್ರ ಅದು ಈಚಿನದ್ದೆಂದು ನಾನು ಎಣಿಸುತ್ತೇನೆ. ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಬೆಂಗಳೂರು ಕಂಟೋನ್ಮೆಂಟಿನ ಹಳೆಯ ಮನೆಗಳಿಂದ ಬರುವ ವಿಲಾಯಿತಿ ಓಲೆಗಳ ಕಥೆ ಬೇರೆ. ಅವುಗಳಲ್ಲಿ ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಅಂದರೆ ನೂರಕ್ಕೆ 92.5 ಬೆಳ್ಳಿ. ಪಕ್ಕದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು, ಚಿರತೆಯ ತಲೆ ಇದ್ದರೆ ಲಂಡನ್. ಜೊತೆಗಿರುವ ಒಂದು ಅಕ್ಷರ ವರ್ಷವನ್ನು ಹೇಳುತ್ತದೆ. ಆ ಅಕ್ಷರಗಳ ಪಟ್ಟಿ ಸುಲಭವಾಗಿ ಸಿಗುತ್ತದೆ. ಕಿವಿ ಚುಚ್ಚದೇ ಹಿಂದಿನಿಂದ ಅದುಮಿ ಹಿಡಿಯುವ ಕ್ಲಿಪ್ ಇದ್ದರೆ ಅದು 1930ರ ದಶಕದ ಸುಮಾರಿಗೆ ಜನಪ್ರಿಯವಾದ ಪದ್ಧತಿ. ಹೆಚ್ಚು ಹಳೆಯದೆಂದು ಹೇಳಿ ಮಾರಿದರೆ ನಂಬಬೇಡಿ.

ನಾಣ್ಯ ತೂಗುಬಿಟ್ಟ ಓಲೆಗಳೂ ಸಿಗುತ್ತವೆ. ಎರಡಾಣೆಯ ಬೆಳ್ಳಿ ನಾಣ್ಯ ಹಗುರ, ಒಂದೂವರೆ ಗ್ರಾಂ ಕೂಡ ಇಲ್ಲ. ಕಿವಿಗೆ ಹೇಳಿ ಮಾಡಿಸಿದಂಥದ್ದು. ಅದನ್ನು ಬೆಳ್ಳಿಯಲ್ಲಿ ಅಚ್ಚು ಹಾಕಿದ್ದು 1917ರವರೆಗೆ ಮಾತ್ರ. ನಾಣ್ಯದ ಮೇಲಿನ ವರ್ಷವನ್ನೇ ಓಲೆಯ ವರ್ಷ ಎಂದುಕೊಳ್ಳಬಾರದು. ಓಲೆ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದು ಹೇಳುತ್ತದೆ. 1862 ಎಂದಿರುವ ವಿಕ್ಟೋರಿಯಾ ರೂಪಾಯಿಯಂತೂ ಅದೇ ಇಸವಿ ಹೊತ್ತು 1874ರವರೆಗೂ ಟಂಕಸಾಲೆಯಿಂದ ಹೊರಬರುತ್ತಿತ್ತು.

ರೂಪಾಯಿಯ ಮಾತು ಬಂದಿದ್ದರಿಂದ ಬೆಳ್ಳಿಯ ಪ್ರಮಾಣಕ್ಕೆ ಬರುತ್ತೇನೆ. ಆಗಿನ ಪತ್ತಾರನಿಗೆ ಬೆಳ್ಳಿ ಬರುತ್ತಿದ್ದದ್ದು ಹೆಚ್ಚಾಗಿ ಗಿರಾಕಿ ತಂದುಕೊಟ್ಟ ರೂಪಾಯಿಗಳಿಂದ. ಒಂದು ರೂಪಾಯಿ ಅಂದರೆ ಒಂದು ತೊಲ, 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ ನೂರಕ್ಕೆ ಸುಮಾರು 91.7 ಬೆಳ್ಳಿ. ಗಿರಾಕಿಗೆ ಲೆಕ್ಕ ನೇರ. ನಾಲ್ಕು ರೂಪಾಯಿ ಕೊಟ್ಟರೆ ನಾಲ್ಕು ತೊಲದ ಒಡವೆ ಬರಬೇಕು, ಕೂಲಿ ಬೇರೆ. ಬೆಸುಗೆಯಲ್ಲಿ ಹಿತ್ತಾಳೆ ಸೇರುವುದರಿಂದ ಓಲೆಯ ಒಟ್ಟು ಪ್ರಮಾಣ ಅದಕ್ಕಿಂತ ಸ್ವಲ್ಪ ಇಳಿಯುತ್ತದೆ. ಗುಂಡು ಹೆಚ್ಚಿದ್ದಷ್ಟೂ ಬೆಸುಗೆ ಹೆಚ್ಚು. 1940ರಲ್ಲಿ, ಯುದ್ಧದ ನಡುವೆ, ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಉಳಿದದ್ದು ತಾಮ್ರ, ನಿಕ್ಕಲ್, ಸತು. ಆ ರೂಪಾಯಿ ಕರಗಿಸಿ ಮಾಡಿದ ಓಲೆ ಸವೆದ ಕಡೆ ಹಳದಿಗೆ ತಿರುಗುತ್ತದೆ, ಬೆವರಿಗೆ ಹಸಿರು ಕಟ್ಟುತ್ತದೆ. ಪರೀಕ್ಷೆಯಲ್ಲಿ ಐವತ್ತರ ಆಸುಪಾಸು ಬಂದ ಓಲೆ ಆ ದಶಕದ್ದಿರಬಹುದು ಎಂಬುದು ನನಗೆ ಉಪಯೋಗಕ್ಕೆ ಬಂದ ಸುಳಿವು.

ಪರೀಕ್ಷೆ ಹೇಗೆ? ಅಯಸ್ಕಾಂತದಿಂದ ಶುರು ಮಾಡುವವರು ಬಹಳ. ಬೆಳ್ಳಿ ಅದಕ್ಕೆ ಅಂಟುವುದಿಲ್ಲ ನಿಜ, ಆದರೆ ಹಿತ್ತಾಳೆ, ತಾಮ್ರ, ಜರ್ಮನ್ ಸಿಲ್ವರ್ ಯಾವುದೂ ಅಂಟುವುದಿಲ್ಲ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ ಬೆರಕೆ. ಅದನ್ನು ಹಿಡಿಯಲು ಮನೆಯಲ್ಲೇ ಮಾಡಬಹುದಾದ ಒಂದು ಅಳತೆ ಇದೆ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಓಲೆಯನ್ನು ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಓಲೆಯನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಗಾಳಿಯ ಗುಳ್ಳೆಗಳಿದ್ದರೆ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವುದು ಓಲೆ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಬಂತು. ಶುದ್ಧ ಬೆಳ್ಳಿಯದು 10.49, ರೂಪಾಯಿ ಬೆಳ್ಳಿಯದು 10.3ರ ಮೇಲೆ, ನೂರಕ್ಕೆ ಎಂಬತ್ತರದು 10.1 ಚಿಲ್ಲರೆ, ಜರ್ಮನ್ ಸಿಲ್ವರ್‌ದು 8.7ರ ಆಸುಪಾಸು. ಉದಾಹರಣೆಗೆ ಒಂದು ಜೊತೆ 18.40 ಗ್ರಾಂ ತೂಗಿ, ನೀರಿನಲ್ಲಿ 1.80 ತೋರಿಸಿದರೆ ಭಾಗಲಬ್ಧ 10.22. ಬೆಳ್ಳಿ ನೂರಕ್ಕೆ 80ರಿಂದ 90ರ ನಡುವೆ ಇದೆ ಎಂದು ಹೇಳಬಹುದು. ಅದಕ್ಕಿಂತ ಸೂಕ್ಷ್ಮವಾಗಿ ಈ ತಕ್ಕಡಿಯಿಂದ ಹೇಳಬಾರದು, ಏಕೆಂದರೆ ನೀರಿನ ಅಳತೆಯಲ್ಲಿ 0.01 ಆಚೀಚೆಯಾದರೂ ಬೆಳ್ಳಿಯ ಲೆಕ್ಕ ನೂರಕ್ಕೆ ಸುಮಾರು ಮೂರು ಪಾಲು ಜರುಗುತ್ತದೆ.

ಪೊಳ್ಳು ಜುಮುಕಿಗೆ, ಒಳಗೆ ಅರಗು ತುಂಬಿದ ಓಲೆಗೆ, ಕಲ್ಲು ಕೂಡಿಸಿದ್ದಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ. ಐದೋ ಆರೋ ಬಂದು ಗಾಬರಿಯಾಗುತ್ತದೆ. ಕಲ್ಲಿನ ಓಲೆಯನ್ನಂತೂ ನೀರಿಗೆ ಹಾಕಲೇಬೇಡಿ. ಬೆನ್ನು ಮುಚ್ಚಿದ ಮನೆಯಲ್ಲಿ, ಅಂದರೆ ಲೋಹದ ಗೂಡಿನಲ್ಲಿ, ಕೂತ ಕೆಂಪು ಕಲ್ಲು ಎಷ್ಟೋ ಸಲ ಗಾಜು. ಅದಕ್ಕೆ ಹೊಳಪು ಬರುವುದು ಹಿಂದೆ ಇಟ್ಟ ತೆಳು ಬಣ್ಣದ ತಗಡಿನಿಂದ. ನೀರು ಒಳಗೆ ಹೋದರೆ ಆ ತಗಡು ಕಪ್ಪಾಗಿ ಕಲ್ಲು ಸತ್ತ ಹಾಗೆ ಕಾಣುತ್ತದೆ.

ಇಂಥವಕ್ಕೆ ಒರೆಗಲ್ಲೇ ಗತಿ. ಕಡ್ಡಿಯ ತುದಿಯನ್ನೋ ಬೆನ್ನಿನ ಅಂಚನ್ನೋ ಕಲ್ಲಿನ ಮೇಲೆ ಉಜ್ಜಿ ಗೆರೆ ಎಳೆದು, ಅದರ ಮೇಲೆ ನೈಟ್ರಿಕ್ ಆಮ್ಲದ ಹನಿ ಬಿಟ್ಟು, ಮೇಲೆ ಉಪ್ಪುನೀರು ತಾಗಿಸಿದರೆ ಬೆಳ್ಳಿ ಮೊಸರಿನಂತೆ ಬಿಳಿಯಾಗಿ ಒಡೆಯುತ್ತದೆ. ಅದು ಸಿಲ್ವರ್ ಕ್ಲೋರೈಡ್. ಹಿತ್ತಾಳೆಯೋ ಜರ್ಮನ್ ಸಿಲ್ವರೋ ಆಗಿದ್ದರೆ ಹಸಿರಾಗಿ ಕರಗಿ ಹೋಗುತ್ತದೆ, ಮೊಸರು ಒಡೆಯುವುದಿಲ್ಲ. ಆಮ್ಲದ ಕೆಲಸ ಅಭ್ಯಾಸವಿದ್ದವರಿಗೆ ಬಿಡಿ. ಓಲೆಯ ಮೇಲೆ ನೇರವಾಗಿ ಹನಿ ಬಿಡಲು ಯಾರಿಗೂ ಒಪ್ಪಬೇಡಿ. ಗೆರೆ ಎಳೆಯುವಾಗ ಅಪ್ಪ ಹೇಳುತ್ತಿದ್ದ ಮಾತು: "ಮೊದಲನೇ ಗೆರಿ ನಂಬಬ್ಯಾಡವಾ, ಅಲ್ಲೇ ಮತ್ತೊಮ್ಮೆ ತಿಕ್ಕು, ಎರಡನೇದು ನೋಡು." ಇದರ ಕಾರಣ ನನಗೆ ತಿಳಿದದ್ದು ಕೆಮಿಸ್ಟ್ರಿ ಓದಿದ ಮೇಲೆ. ಒಡವೆ ಮುಗಿದ ಮೇಲೆ ಅದನ್ನು ಕಾಯಿಸಿ ಹುಳಿಯಲ್ಲಿ ಹಾಕಿ ಬೆಳ್ಳಗೆ ಮಾಡುತ್ತಾರಲ್ಲ, ಆಗ ಮೈಮೇಲಿನ ತಾಮ್ರ ಕರಗಿ ಹೋಗಿ ಹೊರಪದರದಲ್ಲಿ ಬೆಳ್ಳಿಯೇ ಹೆಚ್ಚು ಉಳಿಯುತ್ತದೆ. ಮೊದಲ ಗೆರೆ ಆ ಪದರದ್ದು. ಇವತ್ತಿನ ಅಂಗಡಿಗಳಲ್ಲಿ ಎಕ್ಸ್ ಕಿರಣ ಬಿಟ್ಟು ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರವೂ ಮೇಲ್ಪದರವನ್ನಷ್ಟೇ ನೋಡುತ್ತದೆ. ಹಾಗಾಗಿ ಹಳೆಯ ಓಲೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಬಂಗಾರದ ನೀರು, ಅಂದರೆ ತೆಳು ಲೇಪ, ಹಾಕಿದ್ದರೆ ಬೇರೆಯದನ್ನೇ ತೋರಿಸುವುದುಂಟು. ಯಂತ್ರದ ಚೀಟಿ ಕೈಗೆ ಬಂದರೆ ಸವೆದ ಜಾಗದಲ್ಲಿ ಇನ್ನೊಂದು ಸಲ ಹಿಡಿದು ತೋರಿಸಿ ಎಂದು ಕೇಳಿ.

ಬಂಗಾರದ ನೀರಿನ ಬೆಳ್ಳಿ ಓಲೆಗಳ ಬಗ್ಗೆ ನನಗೆ ವಿಶೇಷ ಮಮತೆ. 1963ರ ಜನವರಿಯಲ್ಲಿ ಬಂಗಾರ ನಿಯಂತ್ರಣ ಬಂದು, 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡಬಾರದು ಎಂದಾಗ ದೇಶದ ತುಂಬ ಪತ್ತಾರರ ಒಲೆ ಆರಿತು. ನಮ್ಮಜ್ಜ ಬಂಗಾರ ಬಿಟ್ಟು ಬೆಳ್ಳಿ ಹಿಡಿದದ್ದು ಆಗಲೇ. ಬಂಗಾರಕ್ಕೆಂದೇ ಪಳಗಿದ ಕೈ ಬೆಳ್ಳಿಯ ಮೇಲೆ ಬಿದ್ದಾಗ ಜುಮುಕಿ, ಬುಗುಡಿ, ಬೆಂಡೋಲೆ ಎಲ್ಲವೂ ಅದೇ ನಾಜೂಕಿನಲ್ಲಿ ಬೆಳ್ಳಿಯಲ್ಲಿ ಬಂದವು, ಮೇಲೆ ತೆಳುವಾಗಿ ಬಂಗಾರದ ನೀರು. ಕಾನೂನಿನ ಲೆಕ್ಕದಲ್ಲಿ ಇವು ಪುರಾತನವಲ್ಲ. ಅಂಗಡಿಯವರು "ಇದು ಕವರಿಂಗ್" ಎಂದು ಪಕ್ಕಕ್ಕೆ ಸರಿಸುತ್ತಾರೆ. ನೀರು ಸವೆದ ಜಾಗದಲ್ಲಿ ಬಿಳಿ ಕಂಡರೆ, ಹಿತ್ತಾಳೆಯ ಹಳದಿಯಾಗಲೀ ತಾಮ್ರದ ಕೆಂಪಾಗಲೀ ಕಾಣದಿದ್ದರೆ, ಒಂದು ನಿಮಿಷ ತಡೆದು ಬೆನ್ನು ನೋಡಿ. ಆ ವರ್ಷಗಳ ಒಳ್ಳೆಯ ಕೆಲಸಗಾರಿಕೆ ಇಂಥದರಲ್ಲಿ ಅಡಗಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಗುರುತು ಹಿಡಿಯುವುದರಲ್ಲಿ ಅತಿ ಹೆಚ್ಚು ಅನ್ಯಾಯವಾಗುತ್ತಿರುವುದು ಲಂಬಾಣಿ ತಾಂಡಾಗಳ ಬೆಳ್ಳಿಗೆ. ಸಂಡೂರು, ವಿಜಯಪುರ, ಗದಗ ಕಡೆಯ ತಾಂಡಾಗಳ ಹಿರಿಯ ಹೆಂಗಸರು ಕೆನ್ನೆಯ ಎರಡೂ ಬದಿಗೆ ತೂಗುಬಿಡುವ ಘುಗರಿ, ಟೋಪ್ಲಿಗಳನ್ನು ಪಟ್ಟಣದ ಅಂಗಡಿಗಳಲ್ಲಿ "ಬುಡಕಟ್ಟಿನ ಹಳೆಯ ಓಲೆ" ಎಂದು ಮಾರುತ್ತಾರೆ. ಅವು ಓಲೆಗಳೇ ಅಲ್ಲ. ಕೂದಲಿನ ಜೊತೆ ಹೆಣೆದುಕೊಂಡು ಕಿವಿಯ ಮುಂದೆ ಇಳಿಬಿಡುವ ಒಡವೆಗಳು, ಮದುವೆಯಾದ ಹೆಂಗಸಿನ ಗುರುತು. ತೂಕಕ್ಕೆ ಕೊಳ್ಳುವವರು ಮೊದಲು ಮಾಡುವ ಕೆಲಸವೆಂದರೆ ಅದರ ದಾರ, ಕುಚ್ಚು ಎಲ್ಲ ಕತ್ತರಿಸಿ ಎಸೆಯುವುದು. ಆಮೇಲೆ ಯಾರೋ ಮೇಲೊಂದು ಕೊಕ್ಕೆ ಬೆಸೆದು ಓಲೆ ಮಾಡುತ್ತಾರೆ. ಹಳೆಯ ಮೈ ಮೇಲೆ ಹೊಸ ಕೊಕ್ಕೆ ಕಂಡರೆ ಇದನ್ನು ನೆನಪಿಡಿ. ದಾರದ ಸಮೇತ ಉಳಿದ ಒಂದು ಜೊತೆ ನನ್ನ ದೃಷ್ಟಿಯಲ್ಲಿ ಕತ್ತರಿಸಿದ ನಾಲ್ಕು ಜೊತೆಗಿಂತ ಹೆಚ್ಚು ಬೆಲೆಯದು. ಹಾಗೆಯೇ ಕಚ್ಛಿನ ರಬಾರಿ ಹೆಂಗಸರ ಸುರುಳಿಯಾಕಾರದ ನಾಗಲಾಗಳೂ, ರಾಜಸ್ಥಾನದ ಭಾರದ ಓಲೆಗಳೂ ಇಲ್ಲಿಗೆ ಬಂದು "ಹಂಪಿ ಕಡೇವು" ಆಗಿಬಿಡುತ್ತವೆ. ಅವುಗಳಿಗೆ ಅವುಗಳ ಊರಿನ ಹೆಸರನ್ನೇ ಕೊಡಬೇಕು. ಊರು ತಪ್ಪಿದರೆ ಬೆಲೆಯೂ ತಪ್ಪುತ್ತದೆ.

ಈಗ ಬೆಲೆ. ಲೆಕ್ಕಕ್ಕೆ ಸುಲಭವಾಗಲೆಂದು ಬೆಳ್ಳಿ ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು ಅವತ್ತಿನ ದರ ಹಾಕಿಕೊಳ್ಳಿ. ಮೇಲೆ ಹೇಳಿದ 18.40 ಗ್ರಾಂ ಜೊತೆಯಲ್ಲಿ ಬೆಳ್ಳಿ ನೂರಕ್ಕೆ 84 ಇದ್ದರೆ ಅದರ ಲೋಹದ ಬೆಲೆ 1,546 ರೂಪಾಯಿ. ಅಂಗಡಿಯವರು "ಹಳೇದು, ಬೆಸುಗೆ ಜಾಸ್ತಿ" ಎಂದು 70ಕ್ಕೆ ಹಿಡಿದರೆ 1,288. ತೇಮಾನು, ಅಂದರೆ ಕರಗಿಸುವಾಗ ಕಳೆದುಹೋಗುವ ಪಾಲು, ಎಂದು ಇನ್ನಷ್ಟು ಮುರಿಯುತ್ತಾರೆ. ಸಾಂದ್ರತೆಯನ್ನು ಮನೆಯಲ್ಲೇ ಅಳೆದು ಹೋದವರಿಗೆ ಈ 84, 70ರ ನಡುವಿನ ಅಂತರವನ್ನು ಕೇಳುವ ಬಾಯಿ ಬರುತ್ತದೆ. ಲೋಹದ ಆ 1,546 ರೂಪಾಯಿಯೇ ನೆಲಮಟ್ಟದ ಬೆಲೆ; ಇದಕ್ಕಿಂತ ಕೆಳಗೆ ಯಾವ ಕಾರಣಕ್ಕೂ ಕೊಡಬಾರದು.

ಅದರ ಮೇಲಿನದನ್ನು ತಕ್ಕಡಿ ಹೇಳುವುದಿಲ್ಲ. ಗಟ್ಟಿ ಎರಕದ ಒರಟು ಓಲೆ 40 ಗ್ರಾಂ ತೂಗಬಹುದು. ನೂರಾರು ಗುಂಡು ಕೂಡಿಸಿದ ಪೊಳ್ಳು ಜುಮುಕಿ 9 ಗ್ರಾಂ ಇರಬಹುದು, ಒಳಗಿನ ಅರಗು ತೆಗೆದರೆ ಇನ್ನೂ ಕಡಿಮೆ. ಕೆಲಸ ಹೆಚ್ಚಿದ್ದಷ್ಟೂ ತೂಕ ಕಡಿಮೆಯಾಗುವುದು ಓಲೆಯ ಜಾತಿಗೇ ಸಹಜ, ಏಕೆಂದರೆ ಕಿವಿ ಹೊರುವ ಭಾರಕ್ಕೆ ಮಿತಿ ಇದೆ. ಒಳ್ಳೆಯ ಪತ್ತಾರ ತನ್ನ ಜಾಣತನವನ್ನೆಲ್ಲ ಭಾರ ಇಳಿಸುವುದಕ್ಕೇ ಬಳಸಿದ. ತೂಕಕ್ಕೆ ಮಾರಿದಾಗ ಅತ್ಯುತ್ತಮ ಕೆಲಸಕ್ಕೆ ಅತಿ ಕಡಿಮೆ ದುಡ್ಡು ಬರುವುದು ಈ ಕಾರಣಕ್ಕೆ. ಕೈಕೆಲಸದ ಹಳೆಯ ಪೊಳ್ಳು ಜುಮುಕಿ, ಜೋಡಿ ಪೂರ್ತಿ, ತನ್ನದೇ ತಿರುಪು, ಇಂಥದ್ದು ನನ್ನದಾಗಿದ್ದರೆ ಲೋಹದ ಬೆಲೆಯ ಐದು ಪಟ್ಟು ಬಂದರೂ ನಾನು ಯೋಚನೆ ಮಾಡುತ್ತೇನೆ. ಅದೇ ಗಟ್ಟಿ ಒರಟು ಓಲೆ, ಮೂರು ಕಡೆ ಸೀಸದ ಬೆಸುಗೆ ಮೆತ್ತಿದ್ದಾದರೆ ಲೋಹದ ಬೆಲೆಗೆ ಸ್ವಲ್ಪ ಮೇಲೆ ಬಂದರೆ ಸಾಕು. ಸೀಸದ ಬೆಸುಗೆ ಬೂದುಬಣ್ಣದ ಮುದ್ದೆಯಂತೆ ಕಾಣುತ್ತದೆ. ಅದು ಕಂಡರೆ ಮತ್ತೆ ಬೆಂಕಿಗೆ ಕೊಡಬೇಡಿ, ಕಾದ ಸೀಸ ಬೆಳ್ಳಿಯನ್ನು ತಿಂದು ತೂತು ಮಾಡುತ್ತದೆ.

ಒಂಟಿ ಓಲೆಗಳೂ ಬರುತ್ತವೆ. ತಾಯಿಯ ಒಡವೆ ಪಾಲಾಗುವಾಗ ಅಕ್ಕನಿಗೊಂದು, ತಂಗಿಗೊಂದು ಎಂದು ಜೋಡಿಯನ್ನೇ ಒಡೆದ ಮನೆಗಳಿವೆ. ಮಾರುಕಟ್ಟೆಯಲ್ಲಿ ಒಂಟಿಗೆ ಜೋಡಿಯ ಅರ್ಧ ಬೆಲೆ ಕೂಡ ಸಿಗುವುದಿಲ್ಲ. ಮಾರುವ ಮೊದಲು ಅಕ್ಕತಂಗಿಯರ ಮನೆಗಳಿಗೆ ಒಂದು ಫೋನ್ ಮಾಡಿ ನೋಡಿ ಎಂದು ನಾನು ಹೇಳುತ್ತೇನೆ. ಹಾಗೆ ಮತ್ತೆ ಕೂಡಿದ ಜೋಡಿಗಳನ್ನು ನೋಡಿದ್ದೇನೆ. ವ್ಯಾಪಾರಿಗಳು ಬೇರೆ ಬೇರೆ ಒಂಟಿಗಳನ್ನು ಸೇರಿಸಿ ಜೋಡಿ ಎಂದು ಮಾರುವುದೂ ಇದೆ. ಎರಡರ ಸವೆತ ಹೊಂದದಿದ್ದರೆ, ಒಂದರ ಬೆನ್ನು ತಟ್ಟಿದ ತಗಡಾಗಿ ಇನ್ನೊಂದರದು ಯಂತ್ರದ್ದಾಗಿದ್ದರೆ ಗೊತ್ತಾಗಿಬಿಡುತ್ತದೆ.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. "ಅಮ್ಮನ ಹತ್ತಿರ ಇರುವ ಹಳೆಯ ಓಲೆ ಇಲ್ಲಿ ಚೆನ್ನಾಗಿ ಹೋಗುತ್ತವೆ, ಕೊರಿಯರ್ ಮಾಡಿಸಿ" ಎನ್ನುವವರು ಇದ್ದಾರೆ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಅಥವಾ ಹೆಚ್ಚು ಹಳೆಯದಾದ ಇಂಥ ವಸ್ತು ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಶಿಕ್ಷೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಅಷ್ಟು ಹಳೆಯದಲ್ಲ ಎನ್ನುವುದಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾತನವಲ್ಲ ಎಂಬ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಈ ಕಾಯ್ದೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಧಾತು ಬರ ತಿಂದು ಉಳಿದದ್ದು ಕಡಿಮೆ, ಇರುವಷ್ಟು ಇಲ್ಲಿರಲಿ.

ಇಟ್ಟುಕೊಳ್ಳುವುದಾದರೆ ಮೆತ್ತನೆಯ ಹಳೆಯ ಹತ್ತಿ ಬಟ್ಟೆಯಲ್ಲಿ, ಒಂದಕ್ಕೊಂದು ತಾಗದಂತೆ ಸುತ್ತಿಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಉಣ್ಣೆಯಲ್ಲಿ ಸುತ್ತಬೇಡಿ. ಎರಡರಲ್ಲೂ ಗಂಧಕ ಇದೆ, ಬೆಳ್ಳಿ ಬೇಗ ಕಪ್ಪಾಗುತ್ತದೆ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಕಪ್ಪಿನ ಜೊತೆ ಕೆತ್ತನೆಯ ಅಂಚೂ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಅದ್ದುವ ದ್ರಾವಣ ತಗ್ಗಿನ ಕಪ್ಪನ್ನೂ ಕಿತ್ತು ಓಲೆಯನ್ನು ನಿರ್ಜೀವ ಬಿಳಿ ಮಾಡುತ್ತದೆ. ಕೊಳೆ ಜಾಸ್ತಿ ಇದ್ದರೆ, ಕಲ್ಲು, ಅರಗು ಇಲ್ಲದಿದ್ದರೆ ಮಾತ್ರ, ಅಂಟುವಾಳದ ನೊರೆಯಲ್ಲಿ ಬೆರಳಿನಿಂದ ಉಜ್ಜಿ ಒರೆಸಿ, ಅಷ್ಟೇ ಸಾಕು.

ಬಟ್ಟೆಯ ಜೊತೆ ಒಂದು ಚೀಟಿ ಇಡಿ. ಇದು ಯಾರದು, ಯಾವ ಊರಿನಲ್ಲಿ ಮಾಡಿಸಿದ್ದು, ಯಾರ ಮದುವೆಯಲ್ಲಿ ಬಂತು, ತೂಕ ಎಷ್ಟು, ಮುಂದಿನದೂ ಬೆನ್ನಿನದೂ ಸ್ಕೇಲ್ ಪಕ್ಕ ಇಟ್ಟು ತೆಗೆದ ಫೋಟೋ. ಮುದ್ರೆಯೇ ಇಲ್ಲದ ನಮ್ಮ ಬೆಳ್ಳಿಗೆ ಇದಕ್ಕಿಂತ ದೊಡ್ಡ ದಾಖಲೆ ಬೇರೆ ಇಲ್ಲ. ವಸ್ತುಸಂಗ್ರಹಾಲಯದವರೂ ಒಳ್ಳೆಯ ಸಂಗ್ರಾಹಕರೂ ಮೊದಲು ಕೇಳುವುದು ಅದನ್ನೇ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳಿ. ಮತ್ತೆ ನನ್ನ ಹತ್ತಿರ ತೋರಿಸಲು ತರುವವರು ದಯವಿಟ್ಟು ತೊಳೆದು ತರಬೇಡಿ. ಇದ್ದ ಹಾಗೇ ತನ್ನಿ, ತಿರುಪು ಎರಡನ್ನೂ ಹುಡುಕಿಕೊಂಡು ತನ್ನಿ.